ಸ್ವಿಂಗ್ ಎಳೆಯುತ್ತಿಲ್ಲವಾ? ಬಿಚ್ಚುವ ಮೊದಲು ಡ್ರೈನ್ ಲೈನ್ ನೋಡಿ

"ಅಣ್ಣಾ, ಸ್ವಿಂಗ್ ಪಂಪ್ ಹೋಗಿದೆ, ಬಂದು ಇಳಿಸಿಕೊಡಿ" ಅಂತ ಫೋನ್ ಬಂದಾಗ ನಾನು ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಸ್ವಿಂಗ್ ಅಂದರೆ ಚೈನ್ ಮಷಿನ್‌ನ (ಎಕ್ಸ್‌ಕವೇಟರ್) ಮೇಲ್ಭಾಗ ಎಡಕ್ಕೆ ಬಲಕ್ಕೆ ತಿರುಗುವುದು. ಎರಡೂ ಕಡೆ ನಿಧಾನವಾ, ಒಂದೇ ಕಡೆಯಾ? ಸ್ವಿಂಗ್ ಮಾತ್ರ ನಿಧಾನವಾ, ಇಲ್ಲ ಬೂಮ್ (ಬುಡದ ದೊಡ್ಡ ತೋಳು), ಟ್ರಾವೆಲ್ (ಚೈನ್ ಮೇಲೆ ಓಡುವುದು) ಕೂಡ ಸುಸ್ತಾಗಿದೆಯಾ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಫೋನಲ್ಲೇ ಮುಗಿಯುತ್ತದೆ. ಉತ್ತರ ಇಲ್ಲದೆ ಸ್ಪ್ಯಾನರ್ ಹಿಡಿದರೆ ಚೆನ್ನಾಗಿರುವ ಮೋಟರನ್ನು ಬಿಚ್ಚಿ, ಅದರೊಳಗೆ ಧೂಳು ಸೇರಿಸಿ ವಾಪಸ್ ಕೂರಿಸಿದ ಹಾಗಾಗುತ್ತದೆ.

ನಾನು ಇರುವುದು ಹೊಸಪೇಟೆ. ಸಂಡೂರಿನ ಅದಿರು ಗಣಿ, ಇಳಕಲ್ ಕಡೆಯ ಗ್ರಾನೈಟ್ ಕ್ವಾರಿ, ಅಲ್ಲಿ ಓಡುವ ಚೈನ್ ಮಷಿನ್‌ಗಳ ಹೈಡ್ರಾಲಿಕ್ ಕೆಲಸವೇ ನನ್ನ ಕೆಲಸ. ಇಲ್ಲಿ ಬರೆಯುತ್ತಿರುವುದು ಆಪರೇಟರ್‌ಗಳಿಗೆ, ಒಂದೆರಡು ಮಷಿನ್ ಇಟ್ಟುಕೊಂಡ ಓನರ್‌ಗಳಿಗೆ, ಈಗ ತಾನೆ ಕೆಲಸ ಕಲಿಯುತ್ತಿರುವ ಹುಡುಗರಿಗೆ.

ಮೊದಲು ಯಾವುದು ಎಲ್ಲಿದೆ ಅಂತ ತಿಳಿದುಕೊಳ್ಳೋಣ. ನಮ್ಮ ಕಡೆ ಜಾಸ್ತಿ ಇರುವ 20 ಟನ್ ಮಷಿನ್‌ನಲ್ಲಿ ಸಾಮಾನ್ಯವಾಗಿ ಸ್ವಿಂಗಿಗೆ ಅಂತ ಬೇರೆ ಪಂಪ್ ಇರುವುದಿಲ್ಲ. ಇಂಜಿನ್ ಬೆನ್ನಿಗೆ ಕೂತ ಎರಡು ಮೇನ್ ಪಂಪ್‌ಗಳೇ ಬೂಮ್, ಆರ್ಮ್, ಬಕೆಟ್, ಟ್ರಾವೆಲ್, ಸ್ವಿಂಗ್ ಎಲ್ಲಕ್ಕೂ ಆಯಿಲ್ ಕೊಡುತ್ತವೆ. ಆಯಿಲ್ ಕಂಟ್ರೋಲ್ ವಾಲ್ವ್ ದಾಟಿ ಸ್ವಿಂಗ್ ಮೋಟರಿಗೆ ಬರುತ್ತದೆ. ಬೂಮಿನ ಬುಡದ ಹಿಂದೆ, ಮಷಿನ್ ನಡುಭಾಗದಲ್ಲಿ ನೆಟ್ಟಗೆ ನಿಂತಿರುತ್ತದಲ್ಲ, ಅದೇ ಮೋಟರ್. ಫೋನಲ್ಲಿ ಸ್ವಿಂಗ್ ಪಂಪ್ ಅಂತ ಹೇಳುವವರು ಬಹುತೇಕ ಇದನ್ನೇ ತೋರಿಸುತ್ತಾರೆ. ಅದರ ಕೆಳಗೆ ಗೇರ್ ಬಾಕ್ಸ್, ಗೇರ್ ಬಾಕ್ಸ್ ಕೆಳಗೆ ಪಿನಿಯನ್ ಅನ್ನುವ ಸಣ್ಣ ಹಲ್ಲು ಚಕ್ರ. ಪಿನಿಯನ್ ಹೋಗಿ ಸ್ವಿಂಗ್ ಬೇರಿಂಗಿನ (ಮೇಲ್ಭಾಗ ಕೂತು ತಿರುಗುವ ದೊಡ್ಡ ಬಳೆ) ಒಳಗಿನ ಹಲ್ಲಿಗೆ ಕೂರುತ್ತದೆ. ದೊಡ್ಡ ಮೈನಿಂಗ್ ಮಷಿನ್‌ಗಳಲ್ಲಿ ಕೆಲವಕ್ಕೆ ನಿಜವಾಗಿಯೂ ಬೇರೆ ಸ್ವಿಂಗ್ ಪಂಪ್ ಇರುತ್ತದೆ. ಅದರ ಮಾತು ಆಮೇಲೆ ಹೇಳುತ್ತೇನೆ.

ಪಂಪೇ ಆಗಲಿ ಮೋಟರೇ ಆಗಲಿ, ಒಳಗಿನ ಸಾಮಾನು ಒಂದೇ ಜಾತಿಯದು. ಸುತ್ತುವ ಸಿಲಿಂಡರ್ ಬ್ಲಾಕ್, ಅದರಲ್ಲಿ ಪಿಸ್ಟನ್‌ಗಳು, ಪಿಸ್ಟನ್ ತುದಿಗೆ ಹಿತ್ತಾಳೆ ಬಣ್ಣದ ಶೂ, ಇನ್ನೊಂದು ಕಡೆ ವಾಲ್ವ್ ಪ್ಲೇಟ್. ಪಿಸ್ಟನ್ನಿಗೂ ಅದರ ತೂತಿಗೂ ನಡುವೆ ಇರುವ ಸಂದು ಮೈಕ್ರಾನ್ ಲೆಕ್ಕದ್ದು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಈ ಸಂದು ಅದಕ್ಕಿಂತ ಎಷ್ಟೋ ಕಡಿಮೆ. ಅಂದರೆ ಕಣ್ಣಿಗೆ ಕಾಣದ ಧೂಳೇ ಇಲ್ಲಿ ಕೆಲಸ ಕೆಡಿಸುವುದು. ಆಯಿಲ್ ನೋಡಲು ಕ್ಲೀನಾಗಿದೆ ಅನ್ನುವ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಈ ಸಂದುಗಳಿಂದ ಸ್ವಲ್ಪ ಆಯಿಲ್ ಯಾವಾಗಲೂ ಕೇಸ್ (ಮೋಟರಿನ ಹೊರ ಕವಚ) ಒಳಕ್ಕೆ ಸೋರುತ್ತದೆ. ಸೋರಲೇಬೇಕು, ಒಳಗಿನ ಬೇರಿಂಗಿಗೆ, ಶೂಗೆ ಅದೇ ನೆನೆಸುವ ಆಯಿಲ್. ಹಾಗೆ ಸೋರಿದ್ದು ಡ್ರೈನ್ ಹೋಸ್ ಮೂಲಕ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಮೋಟರ್ ಸವೆದಷ್ಟೂ ಈ ಸೋರಿಕೆ ಜಾಸ್ತಿ. ಮೋಟರ್ ಒಳಗೆ ಏನಾಗಿದೆ ಅಂತ ಬಿಚ್ಚದೆ ತಿಳಿಯಬೇಕಾದರೆ ಈ ಒಂದು ಹೋಸ್ ನೋಡಬೇಕು. ಎಷ್ಟು ಆಯಿಲ್ ಬರುತ್ತಿದೆ, ಅದರಲ್ಲಿ ಏನು ಬರುತ್ತಿದೆ. ನನ್ನ ಅನುಭವದಲ್ಲಿ ತುಂಬಾ ಮೆಕ್ಯಾನಿಕ್‌ಗಳು ಕೊನೆಗೆ ನೋಡುವುದೂ ಇದನ್ನೇ.

ಆಯಿಲ್ ಮತ್ತು ಫಿಲ್ಟರ್

ಹೈಡ್ರಾಲಿಕ್ ಆಯಿಲ್ ಸಾಮಾನ್ಯವಾಗಿ 46 ಗ್ರೇಡ್, ಈ ನಂಬರ್ ಜಾಸ್ತಿ ಆದಷ್ಟೂ ಆಯಿಲ್ ಮಂದ. ಬಳ್ಳಾರಿ ಸೀಮೆಯ ಬಿಸಿಲಿಗೆ ಕೆಲವು ಕಂಪನಿಯ ಮ್ಯಾನುಯಲ್‌ಗಳು 68 ಹಾಕಬಹುದು ಅನ್ನುತ್ತವೆ. ಮ್ಯಾನುಯಲ್ ಹೇಳಿದ್ದನ್ನೇ ಹಾಕಿ. ಎರಡು ಕಂಪನಿಯ ಆಯಿಲ್ ಬೆರೆಸಬೇಡಿ. ಟಾಪ್ ಅಪ್ ಮಾಡುವಾಗಲೂ ಬೇಡ.

ಬ್ಯಾರಲ್ ಇಡುವ ರೀತಿಯಲ್ಲೇ ತುಂಬಾ ಮಷಿನ್ ಹಾಳಾಗುತ್ತವೆ. ಕ್ವಾರಿಯಲ್ಲಿ ಬ್ಯಾರಲ್ ಬಯಲಲ್ಲಿ ನೆಟ್ಟಗೆ ನಿಂತಿರುತ್ತದೆ. ಮಳೆ ಬಂದರೆ ಮೇಲಿನ ಅಂಚಿನೊಳಗೆ ನೀರು ನಿಲ್ಲುತ್ತದೆ. ಹಗಲು ಬಿಸಿಲಿಗೆ ಬ್ಯಾರಲ್ ಹಿಗ್ಗುತ್ತದೆ, ರಾತ್ರಿ ತಣಿದಾಗ ಮುಚ್ಚಳದ ಸಂದಿನಿಂದ ಆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಸೀಲ್ ಒಡೆಯದ ಬ್ಯಾರಲ್‌ಗೂ ಹೀಗೆ ಆಗುತ್ತದೆ. ಶೆಡ್ ಇದ್ದರೆ ಒಳಗಿಡಿ. ಇಲ್ಲದಿದ್ದರೆ ಅಡ್ಡ ಮಲಗಿಸಿ, ಎರಡೂ ಮುಚ್ಚಳ ಒಂದೇ ಅಡ್ಡ ಗೆರೆಗೆ ಬರುವ ಹಾಗೆ, ಗಡಿಯಾರದ 3 ಮತ್ತು 9ರ ಜಾಗದಲ್ಲಿ. ಆಗ ಒಳಗಿನ ಆಯಿಲ್ ಮುಚ್ಚಳವನ್ನು ಮುಟ್ಟಿಕೊಂಡಿರುತ್ತದೆ, ನೀರಿಗೆ ದಾರಿ ಇರುವುದಿಲ್ಲ.

ತುಂಬುವಾಗ ಫಿಲ್ಟರ್ ಇರುವ ಹ್ಯಾಂಡ್ ಪಂಪ್ ಬಳಸಿ. ನಿನ್ನೆ ಡೀಸೆಲ್ ಹಿಡಿದ ಡಬ್ಬಿಯಲ್ಲಿ ಇವತ್ತು ಹೈಡ್ರಾಲಿಕ್ ಆಯಿಲ್ ಹಿಡಿಯಬೇಡಿ. ಟ್ಯಾಂಕ್ ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಕೆಂಪು ಧೂಳನ್ನು ಒರೆಸಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ರಿಟರ್ನ್ ಫಿಲ್ಟರ್ (ಟ್ಯಾಂಕಿಗೆ ವಾಪಸ್ ಬರುವ ಆಯಿಲಿನದು), ಪೈಲಟ್ ಫಿಲ್ಟರ್ (ಲಿವರ್‌ನಿಂದ ವಾಲ್ವ್‌ಗಳನ್ನು ಆಡಿಸುವ ಸಣ್ಣ ಲೈನಿನದು) ಬಹುತೇಕ ಮಷಿನ್‌ಗೆ 1000 ಗಂಟೆ ಓಡಿದಾಗ ಬದಲಿಸಬೇಕು. ಹೊಸ ಮಷಿನ್ ಅಥವಾ ಪಂಪ್, ಮೋಟರ್ ರಿಪೇರಿ ಆದ ಮಷಿನ್‌ಗೆ ಮೊದಲ ಬದಲಾವಣೆ ಬೇಗ ಬರುತ್ತದೆ. ಬ್ರೇಕರ್ ಹಾಕಿ ಬಂಡೆ ಒಡೆಯುವ ಮಷಿನ್ ಆದರೆ ಈ ಲೆಕ್ಕ ಬಿಟ್ಟುಬಿಡಿ. ಬ್ರೇಕರ್ ಆಯಿಲನ್ನು ಬೇಗ ಕೆಡಿಸುತ್ತದೆ. ಹೋಸ್ ಬಿಚ್ಚಿ ಹಾಕುವಾಗಲೆಲ್ಲ ಧೂಳು ಒಳಗೆ ಹೋಗುತ್ತದೆ. ಅಂಥ ಮಷಿನ್‌ಗೆ ಮ್ಯಾನುಯಲ್‌ನಲ್ಲಿ ಬೇರೆಯೇ ಕೋಷ್ಟಕ ಇರುತ್ತದೆ. ಗಂಟೆ ಅರ್ಧಕ್ಕೆ, ಅದಕ್ಕಿಂತಲೂ ಕಡಿಮೆಗೆ ಇಳಿಯುತ್ತದೆ. ಇನ್ನೊಂದು ಸಣ್ಣ ಸಾಮಾನಿದೆ, ಟ್ಯಾಂಕಿನ ಮೇಲಿನ ಬ್ರೀದರ್, ಟ್ಯಾಂಕಿಗೆ ಗಾಳಿ ಬಿಡುವುದು. ಸಂಡೂರಿನ ಅದಿರು ಧೂಳು ತೀರಾ ನಯ, ಬ್ರೀದರ್ ಕಟ್ಟಿಕೊಂಡಿದ್ದು ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಅದು ಕಟ್ಟಿಕೊಂಡರೆ ಪಂಪ್ ಆಯಿಲ್ ಎಳೆಯಲು ಒದ್ದಾಡಿ ಕಿರಗುಟ್ಟುತ್ತದೆ.

ಹಳೆಯ ಫಿಲ್ಟರನ್ನು ಸುಮ್ನೆ ಎಸೆಯಬೇಡಿ. ಚೂಪಾದ ಚಾಕುವಿನಿಂದ ಕಾಗದದ ಮಡಿಕೆಗಳನ್ನು ಕೊಯ್ದು ಬಿಳಿ ಬಟ್ಟೆ ಮೇಲೆ ಹರಡಿ. ಹ್ಯಾಕ್ಸಾ ಬೇಡ, ಅದರ ಪುಡಿಯೇ ಬಿದ್ದು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಒಂದು ಮ್ಯಾಗ್ನೆಟ್ ಆಡಿಸಿ. ಅಂಟಿಕೊಳ್ಳುವ ಚೂರು ಬೇರಿಂಗ್ ಅಥವಾ ಬೇರೆ ಉಕ್ಕಿನ ಭಾಗದ್ದು. ಅಂಟದೆ ಹಳದಿಯಾಗಿ ಹೊಳೆಯುವುದು ಪಿಸ್ಟನ್ ಶೂ ಕಡೆಯದು, ಇದು ಕಂಡರೆ ಕೆಲಸ ನಿಲ್ಲಿಸಿ ಮೂಲ ಹುಡುಕಬೇಕು. ಕರಿ ರಬ್ಬರ್ ಚೂರು ಸೀಲಿನದು. ಸ್ವಿಂಗ್ ಬ್ರೇಕಿನ ಡಿಸ್ಕ್‌ಗಳು ಹೆಚ್ಚಿನ ಮಷಿನ್‌ಗಳಲ್ಲಿ ಮೋಟರ್ ಕೇಸಿನೊಳಗೇ ಇರುತ್ತವೆ. ಹಾಗಾಗಿ ಡ್ರೈನ್ ಆಯಿಲ್ ಕಪ್ಪಗೆ ಬಂದು ಸುಟ್ಟ ವಾಸನೆ ಹೊಡೆದರೆ ಬ್ರೇಕ್ ಪೂರ್ತಿ ಬಿಡದೆ ಉಜ್ಜುತ್ತಿದೆ ಅಂತ ಅನುಮಾನಪಡಿ.

ಬಿಚ್ಚದೆ ಪತ್ತೆ ಮಾಡುವುದು

ಮಷಿನ್ ಸಮತಟ್ಟು ಜಾಗದಲ್ಲಿರಲಿ. ಸುತ್ತ ಯಾರೂ ನಿಲ್ಲಬಾರದು, ಕೌಂಟರ್‌ವೇಟ್ (ಮಷಿನ್ ಬೆನ್ನಿನ ತೂಕದ ಕಬ್ಬಿಣ) ಹಿಂದೆಯಂತೂ ಬೇಡವೇ ಬೇಡ. ಆಯಿಲ್ ಸುಮಾರು 50 ಡಿಗ್ರಿಗೆ ಬರುವವರೆಗೆ ಓಡಿಸಿ. ತಣ್ಣಗಿರುವ ಮಷಿನ್‌ನಲ್ಲಿ ಮಾಡಿದ ಟೆಸ್ಟ್ ಲೆಕ್ಕಕ್ಕೆ ಬರುವುದಿಲ್ಲ. ಬಕೆಟ್ ಖಾಲಿ ಮಾಡಿ, ಆರ್ಮ್ ಒಳಕ್ಕೆ ಎಳೆದು, ಫುಲ್ ಥ್ರಾಟಲ್‌ನಲ್ಲಿ ಸ್ವಿಂಗ್ ಲಿವರ್ ಪೂರ್ತಿ ಎಳೆಯಿರಿ. ಮೊದಲ ಸುತ್ತು ಬಿಟ್ಟು ಮುಂದಿನ ಮೂರು ಸುತ್ತಿಗೆ ಮೊಬೈಲ್‌ನಲ್ಲಿ ಟೈಮ್ ಹಿಡಿಯಿರಿ. 20 ಟನ್ ಮಷಿನ್ ನಿಮಿಷಕ್ಕೆ 11ರಿಂದ 13 ಸುತ್ತು ಹಾಕುತ್ತದೆ. ಅಂದರೆ ಮೂರು ಸುತ್ತಿಗೆ 14ರಿಂದ 16 ಸೆಕೆಂಡ್. ಎಡಕ್ಕೂ ಬಲಕ್ಕೂ ನೋಡಿ ಬರೆದಿಡಿ. ಮಷಿನ್ ಚೆನ್ನಾಗಿರುವಾಗಲೇ ಒಮ್ಮೆ ಬರೆದಿಟ್ಟರೆ ಕೆಟ್ಟಾಗ ಹೋಲಿಸಿ ನೋಡಬಹುದು ಅಲ್ವಾ.

ಬೂಮ್, ಟ್ರಾವೆಲ್ ಎಲ್ಲವೂ ಸ್ವಿಂಗ್ ಜೊತೆಗೆ ಸುಸ್ತಾಗಿದ್ದರೆ ಸ್ವಿಂಗ್ ಮೋಟರ್ ಮುಟ್ಟಬೇಡಿ. ತೊಂದರೆ ಮೇನ್ ಪಂಪ್, ಇಂಜಿನ್ ಪವರ್ ಅಥವಾ ಪೈಲಟ್ ಪ್ರೆಶರ್ ಕಡೆ ಇದೆ. ಪೈಲಟ್ ಲೈನ್‌ಗೆ ಗೇಜ್ ಹಾಕಿ, 35ರಿಂದ 40 ಬಾರ್ ಹತ್ತಿರ ಇರಬೇಕು.

ಒಂದೇ ಕಡೆ ನಿಧಾನ ಆದರೆ ಮೋಟರ್ ಸವೆದಿರುವುದು ಅಪರೂಪ. ಸವೆದ ಮೋಟರ್ ಎರಡೂ ಕಡೆ ಸುಸ್ತಾಗುತ್ತದೆ. ಮೋಟರ್ ಮೇಲೆ ಎಡ ಬಲಕ್ಕೆ ಒಂದೊಂದು ರಿಲೀಫ್ ವಾಲ್ವ್ (ಪ್ರೆಶರ್ ಮಿತಿ ದಾಟಿದರೆ ಆಯಿಲ್ ಬಿಟ್ಟುಕೊಡುವುದು) ಇರುತ್ತದೆ. ಎರಡೂ ಒಂದೇ ಪಾರ್ಟ್ ನಂಬರ್ ಇದ್ದರೆ ಬಿಚ್ಚಿ ಅದಲು ಬದಲು ಹಾಕಿ. ಎಡಕ್ಕಿದ್ದ ತೊಂದರೆ ಬಲಕ್ಕೆ ಹೋಯಿತಾ? ವಾಲ್ವ್ ಕೆಟ್ಟಿದೆ. ತೊಂದರೆ ಅಲ್ಲೇ ಉಳಿಯಿತಾ? ಆ ಕಡೆಯ ಪೈಲಟ್ ಲೈನ್, ಕಂಟ್ರೋಲ್ ವಾಲ್ವ್‌ನ ಸ್ಪೂಲ್ (ಒಳಗೆ ಜಾರಿ ಆಯಿಲಿಗೆ ದಾರಿ ಕೊಡುವ ಕಡ್ಡಿ), ಮೋಟರಿನ ಮೇಕಪ್ ವಾಲ್ವ್ (ಮೋಟರಿಗೆ ಕಡಿಮೆ ಬಿದ್ದ ಆಯಿಲ್ ತುಂಬುವುದು) ನೋಡಿ. ಈ ಅದಲು ಬದಲಿಗೆ ಬೇಕಾಗುವುದು ಒಂದು ದೊಡ್ಡ ಸ್ಪ್ಯಾನರ್, ಎರಡು ಓ ರಿಂಗ್. ಲಕ್ಷದ ಮಾತು ಆಡುವ ಮೊದಲು ಇಷ್ಟಾದರೂ ಮಾಡಿ. ರಿಲೀಫ್ ಪ್ರೆಶರ್ ಈ ಸೈಜಿನ ಮಷಿನ್‌ಗಳಿಗೆ 280ರಿಂದ 330 ಬಾರ್ ಒಳಗೆ ಎಲ್ಲೋ ಇರುತ್ತದೆ, ನಿಮ್ಮ ಮಾಡೆಲ್‌ನ ಅಂಕಿ ಮ್ಯಾನುಯಲ್‌ನಲ್ಲಿದೆ. ಗೇಜ್ ಇಲ್ಲದೆ ಸ್ಕ್ರೂ ತಿರುಗಿಸಿ ಪ್ರೆಶರ್ ಏರಿಸಬೇಡಿ. ಸ್ವಿಂಗ್ ಜೋರಾದ ಹಾಗೆ ಅನ್ನಿಸುತ್ತದೆ, ಆದರೆ ಪಿನಿಯನ್ ಹಲ್ಲು ಅದಕ್ಕೆ ಬೆಲೆ ತೆರುತ್ತದೆ.

ಶುರು ಮಾಡುವಾಗ ಜರ್ಕ್ ಹೊಡೆದು ಕಿರ್ ಅಂದರೆ ಪಾರ್ಕಿಂಗ್ ಬ್ರೇಕ್ ನೋಡಿ. ಅದು ಸ್ಪ್ರಿಂಗ್‌ನಿಂದ ಹಿಡಿಯುತ್ತದೆ, ಪೈಲಟ್ ಪ್ರೆಶರ್ ಬಂದಾಗ ಬಿಡುತ್ತದೆ. ನಿಲ್ಲಿಸುವಾಗ ಕರಕರ ಸದ್ದು ಬಂದರೆ ಮೇಕಪ್ ಲೈನ್‌ನಿಂದ ಆಯಿಲ್ ಸಾಲುತ್ತಿಲ್ಲ.

ಈಗ ಡ್ರೈನ್ ಟೆಸ್ಟ್. ಬಕೆಟ್ ನೆಲಕ್ಕೆ ಊರಿ ಇಂಜಿನ್ ಆಫ್ ಮಾಡಿ. ಕೀ ಆನ್ ಇಟ್ಟು ಲಿವರ್‌ಗಳನ್ನು ಎಲ್ಲಾ ಕಡೆ ಆಡಿಸಿ ಉಳಿದ ಪ್ರೆಶರ್ ಬಿಡಿ, ಟ್ಯಾಂಕಿನ ಪ್ರೆಶರ್ ಕೂಡ ಬಿಡಿ. ಡ್ರೈನ್ ಹೋಸನ್ನು ಮೋಟರ್ ಕಡೆ ಬಿಚ್ಚಿ ಟ್ಯಾಂಕಿಗೆ ಹೋಗುವ ಭಾಗಕ್ಕೆ ಪ್ಲಗ್ ಹಾಕಿ. ಮೋಟರಿಗೆ ಬೇರೆ ಹೋಸ್ ಕಟ್ಟಿ ಅಳತೆ ಇರುವ ಡಬ್ಬಿಗೆ ಬಿಡಿ. ಮೇಲ್ಭಾಗ ತಿರುಗದ ಹಾಗೆ ಸ್ವಿಂಗ್ ಲಾಕ್ ಸ್ವಿಚ್ ಹಾಕಿ ಇಂಜಿನ್ ಸ್ಟಾರ್ಟ್ ಮಾಡಿ. ಲಿವರ್ ಪೂರ್ತಿ ಎಳೆದು ಹಿಡಿದು, ಮ್ಯಾನುಯಲ್ ಹೇಳಿದಷ್ಟು ಹೊತ್ತು ಬಂದ ಆಯಿಲ್ ಅಳೆಯಿರಿ. ಎರಡೂ ಕಡೆಗೆ ಅಳೆಯಿರಿ. ಆಮೇಲೆ ಲಾಕ್ ತೆಗೆದು ಮೇಲ್ಭಾಗವನ್ನು 180 ಡಿಗ್ರಿ ತಿರುಗಿಸಿ, ಮತ್ತೆ ಲಾಕ್ ಹಾಕಿ ಇನ್ನೊಮ್ಮೆ. ಸುಮ್ನೆ ಹಿಡಿದುಕೊಂಡೇ ಇರಬೇಡಿ, ಆಯಿಲ್ ಬೇಗ ಕಾಯುತ್ತದೆ. ಸಿಕ್ಕ ಅಳತೆ ಮ್ಯಾನುಯಲ್ ಮಿತಿಯೊಳಗೆ ಇದ್ದರೆ ಮೋಟರ್ ಚೆನ್ನಾಗಿದೆ, ಬೇರೆ ಕಡೆ ಹುಡುಕಿ. ಮಿತಿ ದಾಟಿದ್ದರೆ ಆಗ ಇಳಿಸಿ.

ಪ್ರೆಶರ್ ಲೈನ್‌ನಲ್ಲಿ ಲೀಕ್ ಹುಡುಕುವಾಗ ಕೈ ಆಡಿಸಬೇಡಿ. ರಟ್ಟಿನ ತುಂಡು ಹಿಡಿಯಿರಿ. ಸೂಜಿ ಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಸೊಳ್ಳೆ ಕಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲು ಅಷ್ಟಿರುವುದಿಲ್ಲ. ಆದರೆ ಒಳಗೆ ಮಾಂಸ ಕೊಳೆಯುತ್ತದೆ. ಹಾಗೇನಾದರೂ ಆದರೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ ಹೈಡ್ರಾಲಿಕ್ ಆಯಿಲ್ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ. ಆಪರೇಷನ್ ಮಾಡಿ ತೊಳೆಯಬೇಕಾಗುತ್ತದೆ. ಬೆರಳು ಉಳಿಯುವುದು ಎಷ್ಟು ಬೇಗ ಹೋದಿರಿ ಅನ್ನುವುದರ ಮೇಲೆ.

ಗೇರ್ ಬಾಕ್ಸ್ ಆಯಿಲ್ ಏರುತ್ತಿದ್ದರೆ

ಸ್ವಿಂಗ್ ಗೇರ್ ಬಾಕ್ಸಿನ ಡಿಪ್ ಸ್ಟಿಕ್ ವಾರಕ್ಕೊಮ್ಮೆ ಎಳೆದು ನೋಡಿ. ಲೆವೆಲ್ ಇಳಿದರೆ ಲೀಕ್ ಅಂತ ಎಲ್ಲರಿಗೂ ಗೊತ್ತು. ಏರಿದರೆ? ಗೇರ್ ಆಯಿಲ್ ತಾನಾಗಿ ಏರುವುದಿಲ್ಲ. ಹೈಡ್ರಾಲಿಕ್ ಟ್ಯಾಂಕ್ ಲೆವೆಲ್ ಇಳಿಯುತ್ತಿದೆ, ಹೊರಗೆ ಎಲ್ಲೂ ಒಂದು ಹನಿ ಕಾಣುತ್ತಿಲ್ಲ, ಡಿಪ್ ಸ್ಟಿಕ್ಕಿನ ಆಯಿಲ್ ಬೆರಳಲ್ಲಿ ತೆಳುವಾಗಿ ಜಾರುತ್ತದೆ. ಹೀಗಿದ್ದರೆ ಮೋಟರಿನ ಶಾಫ್ಟ್ ಸೀಲ್ ಹೋಗಿ ಹೈಡ್ರಾಲಿಕ್ ಆಯಿಲ್ ಗೇರ್ ಬಾಕ್ಸಿಗೆ ಇಳಿಯುತ್ತಿದೆ.

ಸೀಲ್ ಬದಲಿಸಿದರೆ ಸರಿಯಾಗುತ್ತದೆ ಅಂದುಕೊಳ್ಳುತ್ತಾರೆ. ಇಳಕಲ್ ಹತ್ತಿರದ ಒಂದು ಕ್ವಾರಿಯಲ್ಲಿ ಹಾಗೇ ಆಗಿತ್ತು. ಬೇರೆ ಕಡೆಯವರು ಬಂದು ಎರಡು ಸಲ ಸೀಲ್ ಹಾಕಿ ಹೋಗಿದ್ದರು. ಎರಡು ಸಲವೂ ಕೆಲವೇ ದಿನದಲ್ಲಿ ಗೇರ್ ಬಾಕ್ಸ್ ತುಂಬಿಕೊಂಡಿತು. ಓನರ್ ಹೊಸ ಮೋಟರಿಗೆ ದುಡ್ಡು ಹೊಂದಿಸುತ್ತಿದ್ದರು. ನಾನು ಮೋಟರ್ ಬಿಡಿ ಅಂತ ಹೇಳಿ ಡ್ರೈನ್ ಹೋಸ್ ಬಿಚ್ಚಿಸಿದೆ. ಹೋಸ್ ಹೊರಗೆ ಚೆನ್ನಾಗಿಯೇ ಇತ್ತು. ಟ್ಯಾಂಕ್ ಕಡೆಯ ಎಲ್ಬೋ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಬೂದು ಬಣ್ಣದ ಏನೋ ಮುದುಡಿ ಕೂತಿತ್ತು. ವೈರ್ ತುದಿ ಬಗ್ಗಿಸಿ ಎಳೆದೆ, ಬನಿಯನ್ ವೇಸ್ಟ್ ತುಂಡು, ಹೆಬ್ಬೆರಳುದ್ದ. ಯಾವುದೋ ಕೆಲಸದಲ್ಲಿ ಹೋಸ್ ಬಾಯಿಗೆ ತುರುಕಿದ್ದ ಬಟ್ಟೆ, ತೆಗೆಯಲು ಮರೆತಿದ್ದು ಹೋಗಿ ಎಲ್ಬೋದಲ್ಲಿ ಸಿಕ್ಕಿಕೊಂಡಿತ್ತು. ಡ್ರೈನ್ ಆಯಿಲಿಗೆ ಹೊರಗೆ ಹೋಗಲು ದಾರಿ ಇಲ್ಲ, ಕೇಸಿನಲ್ಲಿ ಪ್ರೆಶರ್ ಏರುತ್ತದೆ. ಶಾಫ್ಟ್ ಸೀಲ್ ತಡೆಯುವುದು ಕೆಲವೇ ಬಾರ್. ಎಷ್ಟು ಸೀಲ್ ಹಾಕಿದರೂ ಹೋಗುತ್ತಲೇ ಇರುತ್ತಿತ್ತು. ಎಲ್ಬೋ ತೊಳೆದು, ಸೀಲ್ ಹಾಕಿ, ಗೇರ್ ಆಯಿಲ್ ಬದಲಿಸಿದೆವು. ಅದೇ ಮೋಟರ್ ಇನ್ನೂ ಅದೇ ಮಷಿನ್‌ನಲ್ಲಿದೆ.

ಆದ್ದರಿಂದ ಶಾಫ್ಟ್ ಸೀಲ್ ಹೋದರೆ ಯಾಕೆ ಹೋಯಿತು ಅಂತ ಕೇಳಿ. ಹೋಸ್ ಮಡಚಿದೆಯಾ, ಒಳಗಿನ ಪದರ ಕಿತ್ತು ಬಂದಿದೆಯಾ, ಡ್ರೈನ್ ಲೈನ್‌ಗೆ ಫಿಲ್ಟರ್ ಇದ್ದರೆ ಅದು ಕಟ್ಟಿಕೊಂಡಿದೆಯಾ. ಬನಿಯನ್ ವೇಸ್ಟ್ ಅನ್ನು ಹೈಡ್ರಾಲಿಕ್ ಕೆಲಸದ ಹತ್ತಿರ ತರಲೇಬೇಡಿ. ಬಿಚ್ಚಿದ ಪ್ರತಿ ಹೋಸಿಗೂ ಪ್ರತಿ ಪೋರ್ಟಿಗೂ ಪ್ಲಾಸ್ಟಿಕ್ ಕ್ಯಾಪ್ ಹಾಕಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ, ಒಂದು ಡಬ್ಬಿ ತುಂಬ ಇಟ್ಟುಕೊಳ್ಳಿ.

ಗೇರ್ ಆಯಿಲ್ ಬದಲಾವಣೆ ಹೆಚ್ಚಿನ ಮಷಿನ್‌ಗೆ 1000 ಗಂಟೆಗೊಮ್ಮೆ. ಹಿಡಿಯುವುದು ಸುಮಾರು 6 ಲೀಟರ್. ಇಷ್ಟು ಕಡಿಮೆ ಖರ್ಚಿನ ಕೆಲಸವನ್ನು ಜನ ಯಾಕೆ ಮುಂದೂಡುತ್ತಾರೋ, ನನಗೆ ನಿಜವಾಗಿ ಬೇಸರ. ಸ್ವಿಂಗ್ ಬೇರಿಂಗಿಗೆ 500 ಗಂಟೆಗೊಮ್ಮೆ ಗ್ರೀಸ್. ಒಂದೇ ಜಾಗದಲ್ಲಿ ನಿಲ್ಲಿಸಿ ಹೊಡೆದರೆ ಒಂದೇ ಕಡೆ ಸೇರುತ್ತದೆ. ಸ್ವಲ್ಪ ಹೊಡೆದು, ಇಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ತಿರುಗಿಸಿ, ಆಫ್ ಮಾಡಿ, ಮತ್ತೆ ಹೊಡೆಯಿರಿ. ಪಿನಿಯನ್ ಮುಳುಗಿರುವ ಗ್ರೀಸನ್ನು ಮಳೆಗಾಲ ಮುಗಿದ ಕೂಡಲೇ ಮುಚ್ಚಳ ತೆಗೆದು ನೋಡಿ. ಮಜ್ಜಿಗೆ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಪೂರ್ತಿ ತೆಗೆದು ಹೊಸದು ತುಂಬಿ. ಮೇಲೆ ಮೇಲೆ ಹೊಸ ಗ್ರೀಸ್ ಹಾಕಿದರೆ ಪ್ರಯೋಜನ ಇಲ್ಲ.

ಆಪರೇಟರ್ ಕೈಯಲ್ಲಿರುವುದು

ತಮ್ಮಾ, ಈ ಭಾಗ ನಿನಗೇ. ಬಕೆಟ್ ಪಕ್ಕದಿಂದ ಕಲ್ಲು ಗುಡಿಸಬೇಡ. ಟಿಪ್ಪರ್ ಹೋಗಲು ಜಾಗ ಮಾಡುವಾಗ ಎಲ್ಲರೂ ಅದನ್ನೇ ಮಾಡುತ್ತಾರೆ. ಆಗ ಸ್ವಿಂಗ್ ಮೋಟರ್ ರಿಲೀಫ್ ಮೇಲೆ ನಿಂತು ಆಯಿಲ್ ಕಾಯಿಸುತ್ತದೆ, ಪಿನಿಯನ್ ಹಲ್ಲು ಪೂರ್ತಿ ಭಾರ ಹೊರುತ್ತದೆ, ಬೂಮಿನ ಬುಡದ ಪಿನ್‌ಗೂ ಪೆಟ್ಟು. ಬಂಡೆ ಅಲ್ಲಾಡಿಸಲು ಸ್ವಿಂಗ್ ಬಳಸಬೇಡ. ತಿರುಗುತ್ತಿರುವಾಗ ಲಿವರ್ ಉಲ್ಟಾ ಹೊಡೆದು ನಿಲ್ಲಿಸಬೇಡ, ಟಿಪ್ಪರ್ ತಲುಪುವ ಸ್ವಲ್ಪ ಮೊದಲೇ ಲಿವರ್ ಬಿಡುತ್ತಾ ಬಾ. ಇಳಿಜಾರಿನಲ್ಲಿ ನಿಂತು ತುಂಬಿದ ಬಕೆಟನ್ನು ಮೇಲಕ್ಕೆ ತಿರುಗಿಸುವ ಕೆಲಸ ಇದ್ದರೆ ಮೊದಲು ಚೈನ್ ಕೆಳಗೆ ಮಣ್ಣು ಹಾಕಿ ಮಟ್ಟ ಮಾಡಿಕೋ. ಐದು ನಿಮಿಷದ ಕೆಲಸ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೆಲಸಕ್ಕೆ ಇಳಿಯಬೇಡ. ಆಯಿಲ್ ಬೆಚ್ಚಗಾಗಲಿ, ಎರಡೂ ಕಡೆಗೆ ನಿಧಾನವಾಗಿ ನಾಲ್ಕು ಸುತ್ತು ತಿರುಗಿಸು. ಕೂಲರ್ ಮುಂದಿನ ಧೂಳನ್ನು ಬೇಸಿಗೆಯಲ್ಲಿ ದಿನಾ ಗಾಳಿ ಹೊಡೆದು ತೆಗಿ. ಆಯಿಲ್ ಕಾದಷ್ಟೂ ತೆಳುವಾಗುತ್ತದೆ, ತೆಳುವಾದಷ್ಟೂ ಮೋಟರ್ ಒಳಗೆ ಸೋರಿಕೆ ಜಾಸ್ತಿ. ಮಧ್ಯಾಹ್ನ ಎರಡು ಗಂಟೆಯ ಮೇಲೆ ಸ್ವಿಂಗ್ ಸುಸ್ತಾಗುತ್ತದೆ, ಬೆಳಿಗ್ಗೆ ಚೆನ್ನಾಗಿರುತ್ತದೆ ಅಂತ ನೀನು ಗಮನಿಸಿದ್ದರೆ ಅದನ್ನು ಮೆಕ್ಯಾನಿಕ್‌ಗೆ ತಪ್ಪದೆ ಹೇಳು. ಅಷ್ಟರಲ್ಲೇ ಅವನಿಗೆ ತುಂಬಾ ಗೊತ್ತಾಗುತ್ತದೆ.

ಬೇರೆ ಸ್ವಿಂಗ್ ಪಂಪ್ ಇರುವ ದೊಡ್ಡ ಮಷಿನ್

ಇವುಗಳಲ್ಲಿ ಕೆಲವು ಕ್ಲೋಸ್ಡ್ ಲೂಪ್. ಪಂಪ್‌ನಿಂದ ಮೋಟರಿಗೆ ಹೋದ ಆಯಿಲ್ ಟ್ಯಾಂಕಿಗೆ ಬಾರದೆ ನೇರ ಪಂಪಿಗೇ ವಾಪಸ್ ಬರುತ್ತದೆ. ಒಳಗೆ ಸೋರಿ ಕಡಿಮೆಯಾದ ಆಯಿಲನ್ನು ಒಂದು ಸಣ್ಣ ಚಾರ್ಜ್ ಪಂಪ್ ತುಂಬುತ್ತದೆ. ಚಾರ್ಜ್ ಪ್ರೆಶರ್ ಸಾಮಾನ್ಯವಾಗಿ 20ರಿಂದ 30 ಬಾರ್. ಇಲ್ಲಿ ಮೊದಲ ಗೇಜ್ ಹಾಕಬೇಕಾದ್ದು ಚಾರ್ಜ್ ಲೈನ್‌ಗೆ. ನಿಂತಾಗ ಸರಿಯಿದ್ದು ಸ್ವಿಂಗ್ ಭಾರ ಬಿದ್ದಾಗ ಚಾರ್ಜ್ ಪ್ರೆಶರ್ ಕುಸಿದರೆ ಪಂಪ್ ಅಥವಾ ಮೋಟರ್ ಒಳಗೆ ಸೋರಿಕೆ ಮಿತಿ ಮೀರಿದೆ. ಆಗ ಎರಡರ ಡ್ರೈನನ್ನೂ ಬೇರೆ ಬೇರೆ ಅಳೆದರೆ ಯಾವುದು ಅಂತ ಗೊತ್ತಾಗುತ್ತದೆ.

ಕ್ಲೋಸ್ಡ್ ಲೂಪ್‌ನಲ್ಲಿ ಮೋಟರ್ ಒಡೆದರೆ ಅದರ ಚೂರು ಟ್ಯಾಂಕ್ ಫಿಲ್ಟರಿಗೆ ಹೋಗುವುದಿಲ್ಲ. ನೇರ ಪಂಪ್ ಒಳಗೆ ಹೋಗುತ್ತದೆ. ಹಾಗಾಗಿ ಮೋಟರ್ ಒಂದನ್ನೇ ಬದಲಿಸಿ ಸ್ಟಾರ್ಟ್ ಮಾಡಬೇಡಿ. ಪಂಪ್ ಕೂಡ ಬಿಚ್ಚಿ ನೋಡಬೇಕು, ನಡುವಿನ ಹೋಸ್‌ಗಳನ್ನು ತೊಳೆಯಬೇಕು.

ವಾಪಸ್ ಕೂರಿಸುವಾಗ

ಹೊಸದಾಗಲಿ ರಿಪೇರಿ ಆದದ್ದಾಗಲಿ, ಮೋಟರ್ ಕೂರಿಸಿದ ಮೇಲೆ ಡ್ರೈನ್ ಪೋರ್ಟ್ ಮೂಲಕ ಕೇಸ್ ತುಂಬ ಕ್ಲೀನ್ ಹೈಡ್ರಾಲಿಕ್ ಆಯಿಲ್ ತುಂಬಿ. ತುಂಬದೆ ಸ್ಟಾರ್ಟ್ ಮಾಡಿದರೆ ಶೂಗಳು ಒಣಗಿದ್ದಲ್ಲೇ ಉಜ್ಜುತ್ತವೆ. ಹೊಸ ಮೋಟರ್ ಮೊದಲ ನಿಮಿಷದಲ್ಲೇ ಗೀರು ಬಿದ್ದು ಹೋಗುತ್ತದೆ. ಪಂಪಿಗೂ ಇದೇ ಮಾತು. ಆಮೇಲೆ ಡ್ರೈನ್ ಹೋಸ್ ಕಟ್ಟಿ, ಲೋ ಐಡಲ್‌ನಲ್ಲಿ (ಇಂಜಿನ್ ತೀರಾ ನಿಧಾನ) ಹತ್ತು ನಿಮಿಷ ಬಿಡಿ. ಲಿವರ್ ಸ್ವಲ್ಪವೇ ಎಳೆದು ಎರಡೂ ಕಡೆಗೆ ನಿಧಾನವಾಗಿ ತಿರುಗಿಸಿ, ಗಾಳಿ ಹೋಗಲಿ. ಟ್ಯಾಂಕ್ ಲೆವೆಲ್ ನೋಡಿ ಟಾಪ್ ಅಪ್ ಮಾಡಿ. ಆಯಿಲ್ ಬೆಚ್ಚಗಾದ ಮೇಲೆ ಮೂರು ಸುತ್ತಿನ ಟೈಮ್ ಮತ್ತೆ ಹಿಡಿದು, ಡ್ರೈನ್ ಅಳತೆ ಜೊತೆಗೆ, ಅವರ್ ಮೀಟರ್ ರೀಡಿಂಗ್ ಹಾಕಿ ಮಷಿನ್ ಪುಸ್ತಕದಲ್ಲಿ ಬರೆಯಿರಿ. 50 ಗಂಟೆ ಆದಾಗ ರಿಟರ್ನ್ ಫಿಲ್ಟರ್ ತೆಗೆದು, ಕೊಯ್ದು, ಮ್ಯಾಗ್ನೆಟ್ ಆಡಿಸಿ. ಹಳದಿ ಚೂರು ಇನ್ನೂ ಬರುತ್ತಿದ್ದರೆ ಟ್ಯಾಂಕ್ ಖಾಲಿ ಮಾಡಿ ತೊಳೆಯದೆ ಮಷಿನ್ ಕೆಲಸಕ್ಕೆ ಬಿಡಬೇಡಿ.